ನಿದ್ದೆಯ ತೊಂದರೆಗೆ ಫೋನಿನಲ್ಲೇ ಡಾಕ್ಟರು: ಗಡಿನಾಡಿನ ಮನೆಯಿಂದ ಪರೀಕ್ಷೆ, ಚಿಕಿತ್ಸೆ ಮಾಡಿಸಿಕೊಳ್ಳುವುದು ಹೇಗೆ?

ನಮ್ಮ ಅತ್ತೆ ಕತ್ತಲಲ್ಲಿ ಎಣಿಸುತ್ತಿದ್ದರು. ಮಾವನ ಗೊರಕೆ ಜೋರಾಗುತ್ತಾ ಹೋಗಿ ಒಮ್ಮೆಲೇ ನಿಲ್ಲುತ್ತದೆ. ಆಗ ಒಂದು, ಎರಡು, ಮೂರು. "ನಿನ್ನೆ ಇಪ್ಪತ್ತೆರಡರವರೆಗೆ ಹೋಯಿತು" ಅಂತ ಬೆಳಿಗ್ಗೆ ದೋಸೆ ಹೊಯ್ಯುತ್ತಾ ಹೇಳಿದರು, ಪಕ್ಕದ ಮನೆಯ ಸುದ್ದಿ ಹೇಳಿದ ಹಾಗೆ. ಎಷ್ಟು ವರ್ಷದಿಂದ ಹೀಗೆ ಎಣಿಸುತ್ತಿದ್ದೀರಿ ಅಂತ ಕೇಳಿದೆ. "ಅದರ ಲೆಕ್ಕ ಇಟ್ಟಿಲ್ಲ" ಅಂದರು.

ಮಾವನದು ಬೇರೆಯೇ ವಾದ. "ನನಗೆ ರಾತ್ರಿ ಸರಿಯಾಗಿ ನಿದ್ದೆಯೇ ಇಲ್ಲ. ಮತ್ತೆ ಗೊರಕೆ ಎಲ್ಲಿಂದ?"

ಇಬ್ಬರು ಹೇಳಿದ್ದೂ ನಿಜವೇ ಆಗಿತ್ತು. ನಿದ್ದೆಯ ಕಾಯಿಲೆಯಲ್ಲಿ ಇದೊಂದು ವಿಚಿತ್ರ. ಕಾಯಿಲೆ ಇರುವವರಿಗೆ ಅದು ಕಾಣುವುದಿಲ್ಲ. ಡಾಕ್ಟರಿಗಂತೂ ಕಾಣುವುದೇ ಇಲ್ಲ, ಅವರು ನೋಡುವುದು ಹಗಲು ಹನ್ನೊಂದು ಗಂಟೆಗೆ ಎಚ್ಚರವಾಗಿ ಕೂತ ಮನುಷ್ಯನನ್ನು. ಹಾಗಾಗಿ ಡಾಕ್ಟರು ಎದುರಿಗಿದ್ದರೂ ಫೋನಿನ ಆಚೆಗಿದ್ದರೂ ಕೆಲಸ ನಡೆಯುವುದು ನೀವು ತಂದುಕೊಡುವ ರಾತ್ರಿಯ ವಿವರದ ಮೇಲೆ. ಆ ವಿವರ ಚೆನ್ನಾಗಿದ್ದರೆ ಫೋನಿನಲ್ಲೇ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಯುತ್ತದೆ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕ ಮತ್ತು ಪೆರ್ಲದ ನಡುವೆ. ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಬಂದಿದ್ದರೂ ದೊಡ್ಡ ಡಾಕ್ಟರು ಅಂದರೆ ನಮ್ಮವರಿಗೆ ಇವತ್ತಿಗೂ ಮಂಗಳೂರೇ. ಬೆಳಗಿನ ಬಸ್ಸು, ಟೋಕನ್, ಕಾಯುವುದು, ಸಂಜೆಯ ಬಸ್ಸು. ಒಂದು ದಿನ ಹೋಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಆ ದಾರಿಯೂ ಇರಲಿಲ್ಲ. ಅದನ್ನು ಇಲ್ಲಿ ಯಾರೂ ಮರೆತಿಲ್ಲ. ಅದೇ ತಿಂಗಳ 25ರಂದು ಕೇಂದ್ರ ಸರಕಾರ ಟೆಲಿಮೆಡಿಸಿನ್ ನಿಯಮಗಳನ್ನು ಹೊರಡಿಸಿತು. ಅದರಲ್ಲಿ ನಮಗೆ ಬೇಕಾದ ಒಂದು ಮಾತಿದೆ: ನೋಂದಾಯಿತ ಡಾಕ್ಟರು ದೇಶದ ಯಾವ ಮೂಲೆಯ ರೋಗಿಯನ್ನಾದರೂ ಫೋನಿನಲ್ಲಿ, ವಿಡಿಯೋದಲ್ಲಿ ನೋಡಬಹುದು. ಅಂದರೆ ಬೆಂಗಳೂರಿನ ಡಾಕ್ಟರು ಕೇರಳದ ಪೆರ್ಲದವರಿಗೆ ಕನ್ನಡದಲ್ಲೇ ಮಾತಾಡಿ ಔಷಧಿ ಚೀಟಿ ಬರೆಯಬಹುದು.

ಮೊದಲು, ತೊಂದರೆ ಯಾವ ಜಾತಿಯದ್ದು?

"ನಿದ್ದೆ ಸರಿ ಇಲ್ಲ" ಅಂದರೆ ಡಾಕ್ಟರಿಗೆ ಏನೂ ಹೇಳಿದ ಹಾಗಾಗುವುದಿಲ್ಲ. ನಿದ್ದೆ ಬಾರದಿರುವುದು ಒಂದು. ಮಲಗಿದರೂ ಹೊರಳಾಟ, ಅಥವಾ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ಇಲ್ಲ. ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗಿ ಮೂರು ತಿಂಗಳು ದಾಟಿದರೆ ಅದಕ್ಕೆ ಚಿಕಿತ್ಸೆ ಬೇಕು. ಇನ್ನೊಂದು ನಿದ್ದೆಯಲ್ಲಿ ಉಸಿರು ನಿಲ್ಲುವುದು, ಅಂದರೆ ಸ್ಲೀಪ್ ಆಪ್ನಿಯಾ. ಗಂಟಲಿನ ಸ್ನಾಯು ಸಡಿಲವಾಗಿ ಗಾಳಿಯ ದಾರಿ ಮುಚ್ಚುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ, ಒಂದು ದೊಡ್ಡ ಗೊರಕೆಯೊಂದಿಗೆ ಉಸಿರು ವಾಪಸ್ ಬರುತ್ತದೆ. ರಾತ್ರಿಯಿಡೀ ಇದೇ. ಮಲಗಿದವರಿಗೆ ಈ ಎಚ್ಚರಗಳ ನೆನಪು ಇರುವುದಿಲ್ಲ. ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು, ಹಗಲು ತೂಕಡಿಕೆ ಮಾತ್ರ ಗೊತ್ತಾಗುತ್ತದೆ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದೂ ಇದರಿಂದ ಆಗಬಹುದು. ಮಾವ ಅದನ್ನು ಸಕ್ಕರೆ ಕಾಯಿಲೆ ಅಂದುಕೊಂಡು ಎರಡು ಸಲ ರಕ್ತ ಪರೀಕ್ಷೆ ಮಾಡಿಸಿದ್ದರು.

ಇವೆರಡಲ್ಲದೆ ಸಂಜೆಯಾದ ಮೇಲೆ ಕಾಲು ಸುಮ್ನೆ ಇಡಲಾಗದ ಚಡಪಡಿಕೆ ಇದೆ. ಹೊತ್ತು ತಪ್ಪಿದ ನಿದ್ದೆ ಇದೆ. ಕನಸಿನಲ್ಲಿ ಕೈಕಾಲು ಬೀಸಿ ಪಕ್ಕದವರಿಗೆ ಹೊಡೆಯುವುದಿದೆ. ಕೊನೆಯದನ್ನು ನಕ್ಕು ಬಿಡಬೇಡಿ, ವಯಸ್ಸಾದವರಲ್ಲಿ ಅದು ಕೆಲವೊಮ್ಮೆ ಪಾರ್ಕಿನ್ಸನ್ ಕಾಯಿಲೆಯ ಮುನ್ಸೂಚನೆ. ನರರೋಗ ತಜ್ಞರಿಗೆ ತೋರಿಸಲೇಬೇಕು.

ಎರಡು ವಾರದ ತಯಾರಿ

ಇದೇ ಮುಖ್ಯ ಭಾಗ. ಇದನ್ನು ಬಿಟ್ಟು ನೇರ ಫೋನು ಮಾಡಿದರೆ ಹತ್ತು ನಿಮಿಷದ ಮಾತು, ಒಂದು ಮಾತ್ರೆ, ಅಷ್ಟೇ.

ಮೊದಲನೆಯದು ನಿದ್ದೆಯ ದಿನಚರಿ. ಗೋಡೆಯ ಕ್ಯಾಲೆಂಡರ್ ಸಾಕು, ಆಪ್ ಬೇಡ. ದಿನದ ಚೌಕದಲ್ಲಿ ಮಲಗಿದ ಹೊತ್ತು, ನಿದ್ದೆ ಬಂದಿರಬಹುದಾದ ಹೊತ್ತು, ಎಷ್ಟು ಸಲ ಎಚ್ಚರ, ಕೊನೆಗೆ ಎದ್ದ ಹೊತ್ತು ಬರೆಯಿರಿ. ಹಗಲು ಮಲಗಿದ್ದರೆ ಅದು, ಕೊನೆಯ ಚಾ ಅಥವಾ ಕಾಫಿ ಯಾವಾಗ, ಕುಡಿತ ಇದ್ದರೆ ಅದೂ. ಬರೆಯುವುದು ಬೆಳಿಗ್ಗೆ ಎದ್ದ ಮೇಲೆ, ಅಂದಾಜಿನಲ್ಲಿ. ರಾತ್ರಿ ಗಡಿಯಾರ ನೋಡಿ ನೋಡಿ ಬರೆದರೆ ಇದ್ದ ನಿದ್ದೆಯೂ ಹೋಗುತ್ತದೆ. ಕೈಗಡಿಯಾರದ ಆಪ್ ತೋರಿಸುವ "ಗಾಢ ನಿದ್ದೆ 42 ನಿಮಿಷ" ಎಂಬ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅದು ಅಲುಗಾಟ, ನಾಡಿ ನೋಡಿ ಮಾಡಿದ ಊಹೆ. ಅದನ್ನು ನೋಡಿಯೇ ನಿದ್ದೆ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಎರಡನೆಯದು ವಿಡಿಯೋ. ಮಲಗುವವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಮಂಚದ ಪಕ್ಕ ಸ್ಟೂಲ್ ಇಟ್ಟು, ಮುಖ ಮತ್ತು ಎದೆ ಎರಡೂ ಕಾಣುವ ಹಾಗೆ ಫೋನು ನಿಲ್ಲಿಸಿ. ಸಣ್ಣ ಬೆಡ್‌ಲೈಟ್ ಇದ್ದರೆ ಸಾಕು. ಫ್ಯಾನಿನ ಸದ್ದು ಗೊರಕೆಯನ್ನು ನುಂಗುತ್ತದೆ, ಆಗುವುದಾದರೆ ಆ ಎರಡು ನಿಮಿಷ ಫ್ಯಾನ್ ನಿಲ್ಲಿಸಿ. ಗೊರಕೆ ನಿಂತು, ಎದೆ ಹೊಟ್ಟೆ ಎಳೆದಾಡಿ, ಮತ್ತೆ ಉಸಿರು ಬರುವ ಒಂದು ತುಣುಕು ಸಿಕ್ಕರೆ ಅದು ಹತ್ತು ಪುಟದ ವಿವರಣೆಗಿಂತ ದೊಡ್ಡದು. ಅತ್ತೆ ಮೂರನೇ ರಾತ್ರಿ ಹಿಡಿದರು. ಹಿನ್ನೆಲೆಯಲ್ಲಿ ಅವರ ಎಣಿಕೆಯೂ ಕೇಳುತ್ತದೆ, ಪಿಸುಮಾತಿನಲ್ಲಿ, ಹದಿನೇಳರವರೆಗೆ. ದಯವಿಟ್ಟು ಇಂಥದ್ದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ.

ಮೂರನೆಯದು ಅಳತೆ. ಟೈಲರ್ ಟೇಪಿನಲ್ಲಿ ಕುತ್ತಿಗೆಯ ಸುತ್ತಳತೆ, ಜೊತೆಗೆ ಎತ್ತರ, ತೂಕ, ಒಂದು ವಾರದ ಬಿ.ಪಿ. ಡಾಕ್ಟರುಗಳು ಸ್ಟಾಪ್-ಬ್ಯಾಂಗ್ ಅಂತ ಎಂಟು ಪ್ರಶ್ನೆಗಳ ಪಟ್ಟಿ ಬಳಸುತ್ತಾರೆ. ಜೋರು ಗೊರಕೆ, ಹಗಲು ಸುಸ್ತು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದು, ಬಿ.ಪಿ., ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 35ಕ್ಕಿಂತ ಜಾಸ್ತಿ, ವಯಸ್ಸು 50 ದಾಟಿದ್ದು, ಕುತ್ತಿಗೆ ಗಂಡಸರಿಗೆ 43 ಸೆಂ.ಮೀ., ಹೆಂಗಸರಿಗೆ 41 ಸೆಂ.ಮೀ. ಮುಟ್ಟಿದ್ದು, ಗಂಡಸಾಗಿರುವುದು. ಒಂದೊಂದಕ್ಕೆ ಒಂದು ಅಂಕ. ಮೂರು ನಾಲ್ಕಾದರೆ ಅಪಾಯ ಮಧ್ಯಮ, ಐದು ಮತ್ತು ಮೇಲೆ ಹೆಚ್ಚು. ಮಾವನಿಗೆ ಆರು ಬಂತು.

ಹಗಲಿನ ತೂಕಡಿಕೆಗೆ ಎಪ್‌ವರ್ತ್ ಎಂಬ ಇನ್ನೊಂದು ಅಳತೆ ಇದೆ. 1991ರಿಂದ ಬಳಕೆಯಲ್ಲಿದೆ. ಓದುತ್ತಾ, ಟಿ.ವಿ. ನೋಡುತ್ತಾ, ಸಭೆಯಲ್ಲಿ ಸುಮ್ಮನೆ ಕೂತಾಗ, ಒಂದು ಗಂಟೆ ವಾಹನದಲ್ಲಿ ಕೂತು ಹೋಗುವಾಗ, ಹೀಗೆ ಎಂಟು ಸಂದರ್ಭ. ತೂಕಡಿಸುವ ಸಾಧ್ಯತೆಗೆ ಸೊನ್ನೆಯಿಂದ ಮೂರು ಅಂಕ. ಒಟ್ಟು 24ರಲ್ಲಿ 10 ದಾಟಿದರೆ ಹಗಲಿನ ನಿದ್ದೆ ಜಾಸ್ತಿ ಅಂತ ಲೆಕ್ಕ. ಸಭೆ ಅಂದರೆ ನಮ್ಮ ಕಡೆ ತಾಳಮದ್ದಳೆ, ವೇಷವಿಲ್ಲದೆ ಕೂತು ಮಾತಾಡುವ ಯಕ್ಷಗಾನ, ಅಂತ ತಿಳಿಯಿರಿ. ಅಲ್ಲಿ ಆರೋಗ್ಯವಂತರೂ ಒಮ್ಮೊಮ್ಮೆ ತೂಕಡಿಸುತ್ತಾರೆ, ಅದು ಮಾತಾಡುವ ಅರ್ಥಧಾರಿಯ ಮೇಲೆ ಹೋಗುತ್ತದೆ!

ಯಾವ ಡಾಕ್ಟರು, ಯಾವ ದಾರಿ

ನಿದ್ದೆಗೆ ಅಂತ ಒಂದೇ ವಿಭಾಗ ಇಲ್ಲ. ಗೊರಕೆ, ಉಸಿರಿನ ವಿಷಯಕ್ಕೆ ಶ್ವಾಸಕೋಶ ತಜ್ಞರು ಅಥವಾ ಇಎನ್‌ಟಿ. ನಿದ್ದೆಯೇ ಬಾರದಿದ್ದರೆ ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು. ಕಾಲಿನ ಚಡಪಡಿಕೆ, ಕನಸಿನ ಹೊಡೆದಾಟಕ್ಕೆ ನರರೋಗ ತಜ್ಞರು. ಗೊತ್ತಾಗದಿದ್ದರೆ ಮೊದಲು ನಿಮ್ಮ ಮಾಮೂಲಿ ಡಾಕ್ಟರನ್ನೇ ಕೇಳಿ.

ಖರ್ಚಿಲ್ಲದ ದಾರಿ ಇ-ಸಂಜೀವನಿ, ಕೇಂದ್ರ ಸರಕಾರದ ಸೇವೆ. ಮೊಬೈಲ್ ನಂಬರ್ ಕೊಟ್ಟು, ಒಟಿಪಿ ಹಾಕಿ, ರಾಜ್ಯ ಮತ್ತು ಒಪಿ (ಯಾವ ವಿಭಾಗದ ಡಾಕ್ಟರು) ಆರಿಸಿ, ಹಳೆಯ ರಿಪೋರ್ಟುಗಳ ಫೋಟೋ ಸೇರಿಸಿ ಟೋಕನ್ ಪಡೆಯಬೇಕು. ಸರದಿ ಬಂದಾಗ ವಿಡಿಯೋ ಕರೆ, ಕೊನೆಯಲ್ಲಿ ಚೀಟಿ ಫೋನಿಗೇ ಬರುತ್ತದೆ. ಸ್ಮಾರ್ಟ್‌ಫೋನ್ ಕೈಗೆ ಒಗ್ಗದ ಹಿರಿಯರಿದ್ದರೆ ಹತ್ತಿರದ ಆರೋಗ್ಯ ಉಪಕೇಂದ್ರದಲ್ಲಿ ಕೇಳಿ. ಅಲ್ಲಿನ ಸಿಬ್ಬಂದಿ ಕೂತು ಡಾಕ್ಟರಿಗೆ ಜೋಡಿಸಿಕೊಡುವ ವ್ಯವಸ್ಥೆಯೂ ಇದರಲ್ಲಿ ಇದೆ. ನನ್ನ ಅನಿಸಿಕೆ, ಇ-ಸಂಜೀವನಿ ಮೊದಲ ಸಲಹೆಗೆ ಒಳ್ಳೆಯದು. ಆದರೆ ನಿದ್ದೆಯ ಚಿಕಿತ್ಸೆಗೆ ಒಬ್ಬರೇ ಡಾಕ್ಟರು ತಿಂಗಳುಗಟ್ಟಲೆ ನೋಡಬೇಕಾಗುತ್ತದೆ. ಅದಕ್ಕೆ ವಿಡಿಯೋ ಸೇವೆ ಕೊಡುವ ಒಬ್ಬ ತಜ್ಞರನ್ನು ಹಿಡಿಯುವುದೇ ಸರಿ. ನಾವು ಹಾಗೆ ಮಾಡಿದೆವು.

ಭಾಷೆಯ ವಿಷಯ ಮೊದಲೇ ಯೋಚಿಸಿ. ಏಳು ಭಾಷೆಯ ಊರು ಅಂತ ಹೆಮ್ಮೆ ಪಡುತ್ತೇವೆ, ಆದರೆ ರಾತ್ರಿಯ ಸಂಕಟ ಹೇಳುವಾಗ ನಾಲಿಗೆಗೆ ಬರುವುದು ಮನೆಯ ಮಾತು ಮಾತ್ರ. ಕೇರಳದ ಸರಕಾರಿ ಸೇವೆಯಲ್ಲಿ ಡಾಕ್ಟರು ಮಲಯಾಳದಲ್ಲಿ ಮಾತಾಡುವುದೇ ಹೆಚ್ಚು. ಕೆಲವು ಶಬ್ದ ಗೊತ್ತಿದ್ದರೆ ಒಳ್ಳೆಯದು: ಗೊರಕೆಗೆ ಕೂರ್ಕಂವಲಿ, ನಿದ್ದೆಗೆ ಉರಕ್ಕಂ, ಉಸಿರು ಕಟ್ಟುವುದಕ್ಕೆ ಶ್ವಾಸಂ ಮುಟ್ಟಲ್. ಹವ್ಯಕರ ಮನೆಯಲ್ಲಿ ಒರಕ್ಕು ಅನ್ನುವವರಿಗೆ ಉರಕ್ಕಂ ಕಷ್ಟವಲ್ಲ. ಹಿರಿಯರಿಗೆ ಕನ್ನಡವೋ ತುಳುವೋ ಬರುವ ಡಾಕ್ಟರೇ ಬೇಕಿದ್ದರೆ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿ, ನಾಚಿಕೆ ಏಕೆ?

ಖಾಸಗಿಯವರಾದರೆ ಡಾಕ್ಟರ ನೋಂದಣಿ ಸಂಖ್ಯೆಯನ್ನು ವೈದ್ಯಕೀಯ ಮಂಡಳಿಯ ವೆಬ್‌ಸೈಟಿನಲ್ಲಿ ನೋಡಿ. ಚೀಟಿಯಲ್ಲೂ ಅದು ಇರಲೇಬೇಕು, ಕೊಟ್ಟ ದುಡ್ಡಿಗೆ ರಸೀದಿಯೂ ಸಿಗಬೇಕು.

ಕರೆಯ ದಿನ

ನಮ್ಮಲ್ಲಿ ಬಾವಿಕಟ್ಟೆಯ ಹತ್ತಿರ ಮಾತ್ರ ಸಿಗ್ನಲ್ ಗಟ್ಟಿ. ಮಾವನನ್ನು ಅಲ್ಲೇ ಕುರ್ಚಿ ಹಾಕಿ ಕೂರಿಸಿದೆವು. ನಿಮ್ಮ ಮನೆಯಲ್ಲೂ ಇಂಥ ಜಾಗ ಹಿಂದಿನ ದಿನವೇ ಹುಡುಕಿ, ಒಮ್ಮೆ ಯಾರಿಗಾದರೂ ವಿಡಿಯೋ ಕರೆ ಮಾಡಿ ನೋಡಿ. ಬೆಳಕು ಮುಖದ ಮೇಲೆ ಬೀಳಲಿ. ಡಾಕ್ಟರು ಬಾಯಿ ಅಗಲ ಮಾಡಿ ನಾಲಿಗೆ ಹೊರಗೆ ಹಾಕಲು ಹೇಳುತ್ತಾರೆ, ಗಂಟಲಿನಲ್ಲಿ ಎಷ್ಟು ಜಾಗ ಇದೆ ನೋಡಲು. ಆಗ "ಆ" ಅನ್ನಬಾರದು, ಅಂದರೆ ಗಂಟಲು ಎತ್ತಿಕೊಂಡು ಜಾಗ ಜಾಸ್ತಿ ಕಾಣುತ್ತದೆ. ಒಬ್ಬರು ಟಾರ್ಚ್ ಹಿಡಿಯಬೇಕು. ಗಲ್ಲ ಹಿಂದೆ ಸರಿದಿದೆಯೋ ನೋಡಲು ಮುಖವನ್ನು ಪಕ್ಕಕ್ಕೂ ತಿರುಗಿಸಬೇಕು.

ಮಾತು ಶುರು ಮಾಡುವಾಗ ಒಂದೇ ಉಸಿರಿನಲ್ಲಿ ಇಡೀ ಚಿತ್ರ ಕೊಡಿ. ನಾನು ಚೀಟಿಯಲ್ಲಿ ಬರೆದಿಟ್ಟು ಓದಿದ್ದು ಇದು: "62 ವರ್ಷ. ಬಿ.ಪಿ.ಗೆ ಎರಡು ಮಾತ್ರೆ. ಗೊರಕೆ ತುಂಬಾ ವರ್ಷದಿಂದ. ಉಸಿರು ನಿಲ್ಲುವುದನ್ನು ಹೆಂಡತಿ ದಿನಾ ನೋಡುತ್ತಾರೆ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಾರೆ. ಪೇಪರ್ ಓದುತ್ತಾ ತೂಕಡಿಸುತ್ತಾರೆ. ಜೀಪು ಓಡಿಸುತ್ತಾರೆ." ಕೊನೆಯ ಮಾತಿಗೆ ಡಾಕ್ಟರು ತಲೆ ಎತ್ತಿದರು. ಓಡಿಸುವಾಗ ಎಂದಾದರೂ ಕಣ್ಣು ಮುಚ್ಚಿದೆಯಾ ಅಂತ ಕೇಳಿದರು. ಮಾವ ಇಲ್ಲ ಅಂದರು. ಅತ್ತೆ ಹಿಂದಿನಿಂದ, "ಕಳೆದ ವರ್ಷ ಕಂಪೌಂಡಿಗೆ ತಾಗಿದ್ದು ಮತ್ತೆ ಹೇಗೆ?" ಅಂದರು. ಚಿಕಿತ್ಸೆ ಹಿಡಿಯುವವರೆಗೆ ಜೀಪಿನ ಕೀ ಮನೆಯಲ್ಲೇ ಇರಲಿ ಎಂದಾಯಿತು.

ಅದಕ್ಕೇ ಹೇಳುವುದು, ಪಕ್ಕದಲ್ಲಿ ಮಲಗುವವರನ್ನು ಕರೆಯಲ್ಲಿ ಕೂರಿಸಿ.

ಈಗ ತಿನ್ನುವ ಎಲ್ಲಾ ಮಾತ್ರೆಗಳ ಪಟ್ಟಿಯೂ ಕೈಯಲ್ಲಿರಲಿ, ಆಯುರ್ವೇದದ್ದೂ ಸೇರಿ. ವಿಡಿಯೋ ಕಡಿದು ಹೋದರೆ ಬರೀ ಮಾತಿನ ಕರೆಯಲ್ಲಿ ಮುಂದುವರಿಸಬಹುದು. ಆದರೆ ಮೊದಲ ಭೇಟಿ ವಿಡಿಯೋದಲ್ಲೇ ಆಗಲಿ, ಬರೀ ಮಾತಿನಲ್ಲಾದರೆ ಡಾಕ್ಟರು ಬರೆಯಬಹುದಾದ ಔಷಧಿಗಳು ಕಡಿಮೆ.

ಮನೆಯಲ್ಲೇ ಪರೀಕ್ಷೆ

ಉಸಿರು ನಿಲ್ಲುವ ಸಂಶಯ ಬಲವಾಗಿದ್ದು, ಬೇರೆ ದೊಡ್ಡ ಕಾಯಿಲೆ ಇಲ್ಲದಿದ್ದರೆ ಮನೆಯ ಪರೀಕ್ಷೆ ಸಾಕಾಗುತ್ತದೆ. ಒಂದು ಸಣ್ಣ ಪೆಟ್ಟಿಗೆಯಲ್ಲಿ ಕಿಟ್ ಬರುತ್ತದೆ. ಎದೆಗೆ ಬೆಲ್ಟು, ಮೂಗಿಗೆ ತೆಳು ನಳಿಕೆ, ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ಪು. ಟೆಕ್ನೀಶಿಯನ್ ವಿಡಿಯೋದಲ್ಲಿ ಹೇಳಿಕೊಡುತ್ತಾರೆ. ಬೆರಳಿಗೆ ನೇಲ್ ಪಾಲಿಶ್ ಇರಬಾರದು. ನಳಿಕೆಯನ್ನು ಕೆನ್ನೆಗೆ ಟೇಪಿನಿಂದ ಅಂಟಿಸಿ. ನಾವು ಅಂಟಿಸಲಿಲ್ಲ, ಮೊದಲ ರಾತ್ರಿ ಒಂದೂವರೆ ಗಂಟೆಗೆ ಜಾರಿ ಹೋಗಿ ಪರೀಕ್ಷೆ ವ್ಯರ್ಥವಾಯಿತು. ಸರಿಯಾದ ದಾಖಲೆ ನಾಲ್ಕು ಗಂಟೆಯಾದರೂ ಬೇಕು. ಆ ದಿನ ಎಂದಿನ ಹಾಗೆ ಊಟ, ಎಂದಿನ ಹೊತ್ತಿಗೆ ನಿದ್ದೆ. ಮಾತ್ರೆ ಬಿಡಬೇಡಿ, ಕುಡಿಯಬೇಡಿ.

ರಿಪೋರ್ಟಿನಲ್ಲಿ ನೋಡಬೇಕಾದ ಸಂಖ್ಯೆ ಎಎಚ್‌ಐ. ಒಂದು ಗಂಟೆಗೆ ಎಷ್ಟು ಸಲ ಉಸಿರು ಕನಿಷ್ಠ ಹತ್ತು ಸೆಕೆಂಡು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ. ಐದರೊಳಗೆ ಮಾಮೂಲು. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಮಾವನದು 38. ರಕ್ತದ ಆಮ್ಲಜನಕ ನೂರಕ್ಕೆ 76ರವರೆಗೆ ಇಳಿದಿತ್ತು.

ಇಲ್ಲಿ ನಮಗೊಂದು ಕಹಿ ಅನುಭವ. ಕಿಟ್ ಕೊಟ್ಟವರು ಕಳಿಸಿದ್ದು ಯಂತ್ರವೇ ಬರೆದ ರಿಪೋರ್ಟು, ಅದರಲ್ಲಿ ಯಾವ ಡಾಕ್ಟರ ಸಹಿಯೂ ಇರಲಿಲ್ಲ. ಜೊತೆಗೆ ಅದೇ ಸಂಜೆ ಚಿಕಿತ್ಸೆಯ ಯಂತ್ರ (ಸಿಪ್ಯಾಪ್, ಮುಂದೆ ಹೇಳುತ್ತೇನೆ) ಕೊಳ್ಳಿ ಅಂತ ಫೋನು. ಪರೀಕ್ಷೆ ಮಾಡುವವರೇ ಯಂತ್ರ ಮಾರುವವರಾದರೆ ಸ್ವಲ್ಪ ಎಚ್ಚರ ಬೇಕು, ಅಲ್ವಾ? ಮೂಲ ದಾಖಲೆಯನ್ನು ಡಾಕ್ಟರು ನೋಡಿ ಸಹಿ ಹಾಕಿದ ರಿಪೋರ್ಟೇ ಬೇಕು ಅಂತ ಹಣ ಕೊಡುವ ಮೊದಲೇ ಹೇಳಿ.

ಹೃದಯ ವೈಫಲ್ಯ, ಶ್ವಾಸಕೋಶದ ದೊಡ್ಡ ಕಾಯಿಲೆ, ಲಕ್ವ ಆದವರಿಗೆ ಮನೆಯ ಪರೀಕ್ಷೆ ಸಾಲದು, ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಯೇ ಮಾಡಿಸಬೇಕು. ಮನೆಯ ಕಿಟ್ ಮಿದುಳಿನ ಅಲೆ ನೋಡುವುದಿಲ್ಲ. ಎಚ್ಚರವಾಗಿ ಹೊರಳಿದ ಹೊತ್ತನ್ನೂ ನಿದ್ದೆಯ ಲೆಕ್ಕಕ್ಕೆ ಸೇರಿಸುತ್ತದೆ, ಅದರಿಂದ ಸಂಖ್ಯೆ ಕಡಿಮೆ ಬರಬಹುದು. ಲಕ್ಷಣ ಎಲ್ಲಾ ಇದ್ದು ರಿಪೋರ್ಟು ಚೆನ್ನಾಗಿದೆ ಅಂದರೆ ಅಲ್ಲಿಗೇ ಬಿಡಬೇಡಿ.

ಸಿಪ್ಯಾಪ್ ಜೊತೆ ಬಾಳುವೆ

ತೀವ್ರ ಆಪ್ನಿಯಾಕ್ಕೆ ಮುಖ್ಯ ಚಿಕಿತ್ಸೆ ಸಿಪ್ಯಾಪ್. ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲಿನ ದಾರಿ ತೆರೆದಿಡುವ ಯಂತ್ರ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಎಂಬ ವೈದ್ಯರು 1981ರಲ್ಲಿ ಇದನ್ನು ಪ್ರಕಟಿಸಿದರು. ಬೆಲೆ ಹತ್ತಾರು ಸಾವಿರ. ಹಾಗಾಗಿ ಮೊದಲು ಬಾಡಿಗೆಗೆ ತಂದು ನೋಡಿ. ಗಲ್ಫಿನಿಂದ ನೆಂಟರು ತಂದ ಹಳೆಯ ಯಂತ್ರ ಸಿಕ್ಕರೆ ಮಾದರಿಯ ನಂಬರ್ ಡಾಕ್ಟರಿಗೆ ತೋರಿಸದೆ ಬಳಸಬೇಡಿ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪೆನಿ ಒಳಗಿನ ಫೋಮ್ ಹಾಳಾಗುತ್ತದೆಂದು ಹಲವು ಮಾದರಿಗಳನ್ನು ವಾಪಸ್ ಕರೆಸಿಕೊಂಡಿತ್ತು.

ಮೊದಲ ವಾರ ಕಷ್ಟ. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಮಾವ ಮೂರನೇ ರಾತ್ರಿ ಮಾಸ್ಕ್ ಕಿತ್ತು ಮೂಲೆಗೆ ಎಸೆದರು. ಡಾಕ್ಟರು ವಿಡಿಯೋದಲ್ಲೇ ನೋಡಿ ಎರಡು ಮಾತು ಹೇಳಿದರು. ಹಗಲು ಟಿ.ವಿ. ನೋಡುವಾಗ ಇಪ್ಪತ್ತು ನಿಮಿಷ ಮಾಸ್ಕ್ ಹಾಕಿಕೊಂಡು ಅಭ್ಯಾಸ ಮಾಡಿ. ಮೀಸೆ ಸಣ್ಣ ಮಾಡಿ, ಗಾಳಿ ಸೋರುವುದು ಅಲ್ಲಿಂದಲೇ. ಮೀಸೆಗೆ ಒಪ್ಪಿಸಲು ಎರಡು ದಿನ ಬೇಕಾಯಿತು. ಕಣ್ಣು ಒಣಗಿದರೆ ಮಾಸ್ಕ್ ಮೇಲಿನಿಂದ ಸೋರುತ್ತಿದೆ ಎಂದು ತಿಳಿಯಿರಿ. ಬಾಯಿ ಒಣಗಿದರೆ ಬಾಯಿ ತೆರೆದು ಮಲಗುತ್ತಿದ್ದೀರಿ, ಮೂಗು ಬಾಯಿ ಎರಡೂ ಮುಚ್ಚುವ ಮಾಸ್ಕ್ ಬೇಕಾಗಬಹುದು.

ಟೆಲಿಮೆಡಿಸಿನ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಹೊಸ ಯಂತ್ರಗಳು ಎಷ್ಟು ಗಂಟೆ ಹಾಕಿದ್ದೀರಿ, ಎಷ್ಟು ಸೋರಿಕೆ, ಇನ್ನೂ ಎಷ್ಟು ಸಲ ಉಸಿರು ನಿಲ್ಲುತ್ತಿದೆ ಎಂಬುದನ್ನು ದಾಖಲಿಸಿ ಡಾಕ್ಟರಿಗೆ ಕಳಿಸುತ್ತವೆ. ನೆಟ್‌ವರ್ಕ್ ಇಲ್ಲದಿದ್ದರೆ ಯಂತ್ರದ ಮೆಮೊರಿ ಕಾರ್ಡ್ ತೆಗೆದು ಕಾಪಿ ಮಾಡಿ ಕಳಿಸಬಹುದು, ಅಥವಾ ಪರದೆಯ ಫೋಟೋ ತೆಗೆದು ಕಳಿಸಬಹುದು. ಕನಿಷ್ಠ ಗುರಿ ದಿನಕ್ಕೆ ನಾಲ್ಕು ಗಂಟೆ, ನೂರಕ್ಕೆ ಎಪ್ಪತ್ತು ರಾತ್ರಿ. ಉಳಿದ ಎಎಚ್‌ಐ ಐದಕ್ಕಿಂತ ಕಡಿಮೆ ಆಗಬೇಕು. ಮೊದಲ ವಾರ, ಒಂದು ತಿಂಗಳು, ಮೂರು ತಿಂಗಳಿಗೆ ಒಮ್ಮೊಮ್ಮೆ ಕರೆ ಇಟ್ಟುಕೊಳ್ಳಿ. ಒತ್ತಡ ಬದಲಿಸುವ ಕೆಲಸ ಡಾಕ್ಟರದ್ದು, ನೀವು ಮೆನು ಒತ್ತಿ ಪ್ರಯೋಗ ಮಾಡಬೇಡಿ.

ನಮ್ಮ ಕಡೆಯ ತಾಪತ್ರಯ ಬೇರೆ. ಜೂನ್ ಬಂತೆಂದರೆ ಕರೆಂಟ್ ಯಾವಾಗ ಹೋಗುತ್ತದೆ ಗೊತ್ತಿಲ್ಲ. ಇನ್ವರ್ಟರಿಗೆ ಜೋಡಿಸಿ. ಬ್ಯಾಟರಿಯಲ್ಲಿ ಓಡಿಸುವಾಗ, ಗಾಳಿಗೆ ತೇವ ಕೊಡಲು ನೀರು ಬಿಸಿ ಮಾಡುವ ಭಾಗ ಬಂದ್ ಮಾಡಿ, ಕರೆಂಟ್ ಜಾಸ್ತಿ ಎಳೆಯುವುದು ಅದೇ. ಸಿಡಿಲಿರುವ ಹಗಲು ಪ್ಲಗ್ ತೆಗೆದಿಡಿ. ನೀರಿನ ತೊಟ್ಟಿಗೆ ಡಿಸ್ಟಿಲ್ಡ್ ವಾಟರ್, ಬಾವಿ ನೀರಲ್ಲ, ಕುದಿಸಿದ್ದೂ ಅಲ್ಲ. ಬೆಳಿಗ್ಗೆ ಉಳಿದ ನೀರು ಚೆಲ್ಲಿ ಒಣಗಿಸಿ, ಮಳೆಗಾಲದಲ್ಲಿ ಬೂಸಲು ಬರುವುದು ಬೇಗ. ಮಾಸ್ಕನ್ನು ದಿನಾ ಸೌಮ್ಯ ಸೋಪಿನಿಂದ ತೊಳೆಯಿರಿ. ಮತ್ತೆ ಇರುವೆ! ಒಂದು ಬೆಳಿಗ್ಗೆ ಪೈಪಿನೊಳಗೆ ಸಣ್ಣ ಇರುವೆಗಳ ಸಾಲು. ಆ ಮೇಲೆ ಹಗಲಲ್ಲಿ ಪೈಪು ಮಾಸ್ಕು ಎರಡನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇವೆ.

ಸೌಮ್ಯ ಆಪ್ನಿಯಾಕ್ಕೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಕುಡಿತ ಬಿಡುವುದು, ದಂತವೈದ್ಯರು ಮಾಡಿಕೊಡುವ ದವಡೆಯ ಅಚ್ಚು, ಇವೂ ಇವೆ. ಅಚ್ಚಿಗೆ ಮಾತ್ರ ನೇರ ಹೋಗಲೇಬೇಕು.

ನಿದ್ದೆಯೇ ಬಾರದವರಿಗೆ

ಮಾವನ ಗೊರಕೆ ನಿಂತಿತು. ಅತ್ತೆಯ ನಿದ್ದೆ ಬರಲಿಲ್ಲ. ಅಷ್ಟು ವರ್ಷ ಕಾವಲು ಕೂತ ಮೈ, ಈಗ ಸದ್ದಿಲ್ಲದಿದ್ದರೂ ಎರಡು ಗಂಟೆಗೆ ಎಚ್ಚರ. ಕ್ಯಾಲೆಂಡರಿನಲ್ಲಿ ಈ ಸಲ ಅವರ ಲೆಕ್ಕ ಶುರುವಾಯಿತು. ಒಂಬತ್ತಕ್ಕೆ ಮಲಗಿ ಆರಕ್ಕೆ ಏಳುತ್ತಿದ್ದರು. ಹಾಸಿಗೆಯಲ್ಲಿ ಒಂಬತ್ತು ಗಂಟೆ, ನಿದ್ದೆ ಐದೂವರೆ ಗಂಟೆ. ಅಂದರೆ ಹಾಸಿಗೆಯ ಹೊತ್ತಿನಲ್ಲಿ ನಿದ್ದೆ ನೂರಕ್ಕೆ 61.

ಇದಕ್ಕೆ ಮೊದಲು ಕೊಡಬೇಕಾದ ಚಿಕಿತ್ಸೆ ಮಾತ್ರೆಯಲ್ಲ, ಸಿಬಿಟಿ-ಐ ಎಂಬ ಅಭ್ಯಾಸದ ಚಿಕಿತ್ಸೆ. ಇದಕ್ಕೆ ಫೋನು ಸಾಕು. ನಾಲ್ಕರಿಂದ ಎಂಟು ಭೇಟಿ. ಬೆಂಗಳೂರಿನ ಒಬ್ಬ ಮನಶ್ಶಾಸ್ತ್ರಜ್ಞೆ ಕನ್ನಡದಲ್ಲೇ ನಡೆಸಿಕೊಟ್ಟರು.

ಅದರ ತಿರುಳು ಕೇಳಿದರೆ ಉಲ್ಟಾ ಅನಿಸುತ್ತದೆ. ನಿದ್ದೆ ಬಾರದವರಿಗೆ ಹಾಸಿಗೆಯ ಹೊತ್ತನ್ನು ಕಡಿಮೆ ಮಾಡುತ್ತಾರೆ. ಅತ್ತೆಗೆ ಹನ್ನೊಂದೂವರೆಗೆ ಮಲಗಿ ಐದಕ್ಕೆ ಏಳಲು ಹೇಳಿದರು. ಹಾಸಿಗೆಯ ಹೊತ್ತನ್ನು ಒಟ್ಟು ಐದು ಗಂಟೆಗಿಂತ ಕಡಿಮೆ ಮಾಡುವಂತಿಲ್ಲ. ರಾತ್ರಿ ಹೇಗೇ ಹೋದರೂ ಏಳುವ ಹೊತ್ತು ಬದಲಿಸುವಂತಿಲ್ಲ, ಹಗಲು ಮಲಗುವಂತಿಲ್ಲ. ಹಾಸಿಗೆಯಲ್ಲಿ ಸುಮಾರು ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಚಾವಡಿಗೆ ಬಂದು ಮಂದ ಬೆಳಕಿನಲ್ಲಿ ಕೂರಬೇಕು, ಕಣ್ಣು ಎಳೆದಾಗ ಮತ್ತೆ ಹೋಗಬೇಕು. ಹಾಸಿಗೆ ಅಂದರೆ ಹೊರಳಾಟ ಎಂದು ಮೈ ಕಲಿತದ್ದನ್ನು ಮರೆಸುವ ಕೆಲಸ ಇದು. ವಾರದ ಲೆಕ್ಕದಲ್ಲಿ ನಿದ್ದೆ ನೂರಕ್ಕೆ 85 ದಾಟಿದರೆ ಹದಿನೈದರಿಂದ ಮೂವತ್ತು ನಿಮಿಷ ಸೇರಿಸುತ್ತಾ ಹೋಗುತ್ತಾರೆ.

ಮೊದಲ ಎರಡು ವಾರ ಅತ್ತೆಗೆ ತಲೆ ಎತ್ತಲಾಗುತ್ತಿರಲಿಲ್ಲ. ಎಂಟು ಗಂಟೆಗೇ ತೂಕಡಿಕೆ. ಹನ್ನೊಂದೂವರೆಯವರೆಗೆ ಎಚ್ಚರ ಇರಲು ಅಡಿಕೆ ಸುಲಿಯುತ್ತಾ ಕೂತರು. ಆರನೇ ವಾರಕ್ಕೆ ಹತ್ತೂವರೆಯಿಂದ ಐದರವರೆಗೆ ನಿದ್ದೆ, ನಡುವೆ ಒಂದೇ ಎಚ್ಚರ.

ಇದನ್ನು ಓದಿ ಸ್ವಂತ ಶುರು ಮಾಡಬೇಡಿ. ಅಪಸ್ಮಾರ ಅಥವಾ ಬೈಪೋಲಾರ್ ಇರುವವರಿಗೆ ನಿದ್ದೆ ಕಡಿಮೆಯಾದರೆ ಕಾಯಿಲೆ ಕೆರಳುತ್ತದೆ. ಅಡಿಕೆ ಮರ ಹತ್ತುವವರು, ವಾಹನ ಓಡಿಸುವವರು ಮೊದಲ ವಾರಗಳಲ್ಲಿ ಆ ಕೆಲಸ ಮಾಡಬಾರದು. ಡಾಕ್ಟರಿಗೆ ನಿಮ್ಮ ಕೆಲಸ ಏನು ಅಂತ ಸ್ಪಷ್ಟವಾಗಿ ಹೇಳಿ. "ಕೃಷಿ" ಅಂದರೆ ಸಾಲದು, "ಮರ ಹತ್ತುತ್ತೇನೆ" ಅನ್ನಿ.

ಕಾಲಿನ ಚಡಪಡಿಕೆಗೆ ಫೋನಿನಲ್ಲೇ ಒಂದು ರಕ್ತ ಪರೀಕ್ಷೆ ಬರೆಯುತ್ತಾರೆ, ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ. ಪೇಟೆಯ ಲ್ಯಾಬಿನಲ್ಲಿ ಮಾಡಿಸಿ ಫೋಟೋ ಕಳಿಸಿದರೆ ಆಯಿತು. 75ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಚಿಕಿತ್ಸೆ ಯೋಚಿಸುತ್ತಾರೆ. ಆ ಮಾತ್ರೆಯನ್ನು ಚಾದ ಜೊತೆ ತಿನ್ನಬೇಡಿ, ಚಾ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಇನ್ನು ರಾತ್ರಿಯಿಡೀ ಆಟ ಆಡುವ ಯಕ್ಷಗಾನ ಮೇಳಗಳ ಕಲಾವಿದರು. ನವೆಂಬರಿನಿಂದ ಪತ್ತನಾಜೆಯವರೆಗೆ (ಮೇ ಕೊನೆ) ರಾತ್ರಿ ವೇಷ, ಹಗಲು ನಿದ್ದೆ, ದಿನಾ ಬೇರೆ ಊರು. ಇಂಥವರಿಗೆ ಕ್ಲಿನಿಕ್ಕಿಗೆ ಹೋಗಲು ಸಮಯವೇ ಇಲ್ಲ, ಫೋನಿನ ಡಾಕ್ಟರೇ ಸೂಕ್ತ. ನಮ್ಮ ಪರಿಚಯದ ಒಬ್ಬ ವೇಷಧಾರಿಗೆ ಹೇಳಿದ್ದು ಮೂರು ವಿಷಯ. ಆಟ ಮುಗಿಸಿ ಬರುವಾಗ ಕಪ್ಪು ಕನ್ನಡಕ ಹಾಕಿ, ಬೆಳಗಿನ ಬೆಳಕು ಮೈಯನ್ನು ಎಬ್ಬಿಸಿಬಿಡುತ್ತದೆ. ಮಲಗುವ ಕೋಣೆಗೆ ದಪ್ಪ ಪರದೆ, ದಿನಾ ಒಂದೇ ಹೊತ್ತಿಗೆ ನಿದ್ದೆ. ಚೌಕಿಗೆ (ಬಣ್ಣ ಹಚ್ಚುವ ಕೋಣೆಗೆ) ಹೋಗುವ ಮೊದಲು ಸಂಜೆ ಒಂದು ಸಣ್ಣ ನಿದ್ದೆ. ಬಣ್ಣ ತೆಗೆದ ಕೂಡಲೇ ಬೈಕ್ ಓಡಿಸಿ ಮನೆಗೆ ಬರುವುದು ಬೇಡ ಅಂದದ್ದಕ್ಕೆ ಮಾತ್ರ ಅವರು ಇನ್ನೂ ಒಪ್ಪಿಲ್ಲ.

ಫೋನಿನಲ್ಲಿ ಆಗದ್ದು

"ಒಂದು ನಿದ್ದೆ ಮಾತ್ರೆ ಬರೆದುಕೊಡಿ ಡಾಕ್ಟ್ರೇ" ಅಂತ ಫೋನಿನಲ್ಲಿ ಕೇಳಿದರೆ ಸಿಗುವುದಿಲ್ಲ. ಆಲ್‌ಪ್ರಜೋಲಾಮ್, ಜೋಲ್ಪಿಡೆಮ್‌ನಂಥವು ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿವೆ, ಟೆಲಿಮೆಡಿಸಿನ್‌ನಲ್ಲಿ ಬರೆಯುವಂತಿಲ್ಲ. ಯಾರಾದರೂ ವಾಟ್ಸ್‌ಆಪಿನಲ್ಲೇ ಬರೆದುಕೊಟ್ಟರೆ ಆ ಡಾಕ್ಟರನ್ನೇ ಅನುಮಾನಿಸಿ. ಈಗಾಗಲೇ ತುಂಬಾ ದಿನದಿಂದ ತಿನ್ನುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ನೇರ ಡಾಕ್ಟರನ್ನು ಕಂಡು ನಿಧಾನ ಇಳಿಸಬೇಕು. ಆಪ್ನಿಯಾ ಇರುವವರಿಗೆ ಇಂಥ ಮಾತ್ರೆ ಉಸಿರನ್ನು ಇನ್ನಷ್ಟು ಕುಗ್ಗಿಸಬಹುದು.

ಮಕ್ಕಳ ಗೊರಕೆಯನ್ನು ನೇರ ಇಎನ್‌ಟಿಗೆ ತೋರಿಸಿ, ಟಾನ್ಸಿಲ್, ಅಡಿನಾಯ್ಡ್ ಕಣ್ಣಾರೆ ನೋಡಬೇಕು. ನಗುವಾಗ ಮಂಡಿ ಕುಸಿಯುವುದು, ಮಾತಾಡುತ್ತಲೇ ನಿದ್ದೆಗೆ ಜಾರುವುದು ಇದ್ದರೆ ಆಸ್ಪತ್ರೆಯಲ್ಲೇ ರಾತ್ರಿ ಮತ್ತು ಹಗಲಿನ ಪರೀಕ್ಷೆ ಆಗಬೇಕು.

ನಿದ್ದೆಯಿಲ್ಲದ ರಾತ್ರಿಯಲ್ಲಿ ಬದುಕೇ ಬೇಡ ಅನಿಸಿದರೆ ಬೆಳಗಾಗಲು ಕಾಯಬೇಡಿ. ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056 ಕೂಡ ಇದೆ.

ಎದೆನೋವು, ಎಚ್ಚರವಾದ ಮೇಲೂ ಹೋಗದ ಏದುಸಿರು, ಮುಖ ಓರೆಯಾಗುವುದು, ಒಂದು ಕೈ ಎತ್ತಲಾಗದಿರುವುದು, ಇವಕ್ಕೆ ವಿಡಿಯೋ ಕರೆ ಅಲ್ಲ, 108. ಕರೆ ಮಾಡುವಾಗ ಮನೆಯ ಹೆಸರಷ್ಟೇ ಹೇಳಿದರೆ ಡ್ರೈವರಿಗೆ ಸಿಗುವುದಿಲ್ಲ, ನಮ್ಮ ಮನೆಗಳೆಲ್ಲ ತೋಟದ ಒಳಗೆ. ಹತ್ತಿರದ ಬಸ್ ಸ್ಟಾಪ್, ಶಾಲೆ ಅಥವಾ ಭಜನಾ ಮಂದಿರದ ಹೆಸರು ಹೇಳಿ, ಒಬ್ಬರು ಟಾರ್ಚ್ ಹಿಡಿದು ಮುಖ್ಯ ರಸ್ತೆಗೆ ಹೋಗಿ ನಿಲ್ಲಿ.